ಬಾಲಮ್ಮ ತಾನೇ ಕಟ್ಟಿಕೊಂಡ ಎಂ.ಎ.

ಬಾಲಮ್ಮ ಹುಟ್ಟಿದ್ದು ಬೋನಾಳದ ಕುರಿಗಾರರ ಮನೆಯಲ್ಲಿ. ಮನೆ ಅನ್ನುವುದು ಮಳೆಗಾಲಕ್ಕೆ ಮಾತ್ರ. ಹುಣಸಗಿ ಕಡೆ ಕಾಲುವೆ ನೀರಿನ ಹೊಲಗಳಲ್ಲಿ ಭತ್ತದ ಕೊಯಿಲು ಮುಗಿಯುತ್ತಲೇ ರೈತರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು; ಆಗ ಮನೆಮಂದಿಯೆಲ್ಲ ಹಿಂಡಿನ ಬೆನ್ನು ಹತ್ತುತ್ತಿದ್ದರು. ಈ ಹೊಲದಲ್ಲಿ ಮೂರು ದಿನ, ಆ ಹೊಲದಲ್ಲಿ ಐದು ದಿನ. ಬಾಲಮ್ಮನನ್ನು ಶಾಲೆಗೆ ಹಾಕಿದ್ದು ತಡ, ಬಿಡಿಸಿದ್ದು ಬೇಗ. ಏಳನೆಯ ಇಯತ್ತೆಗೆ ಪಾಟಿಚೀಲ ಗೂಟಕ್ಕೆ ಬಿತ್ತು.

ಆ ಹಿಂಡಿನ ಯಜಮಾನಿಕೆ ಅವಳ ಸೋದರತ್ತೆ ಮಾನಮ್ಮನದು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು ಮಾನಮ್ಮ. ನೂರಾ ಎಂಬತ್ತು ಕೆಂಗುರಿಗಳನ್ನು ಒಂದೊಂದಾಗಿ ಬಲ್ಲಳು. ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತ ಕೂತಿದ್ದರೂ ಹಿಂದೆ ಕೆಮ್ಮಿದ್ದು ಯಾವ ಕುರಿ ಅಂತ ಹೇಳಿಬಿಡುತ್ತಿದ್ದಳು. ಅಕ್ಷರದ ಗಂಧವಿಲ್ಲ. ಆದರೂ ಗಂಡಸರು ಅವಳ ಮಾತು ದಾಟುತ್ತಿರಲಿಲ್ಲ.

ಬಾಲಮ್ಮನನ್ನು ಸುರಪುರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಗಂಡ ಅಂಬರೀಶ ಊರಿಂದ ಸುರಪುರಕ್ಕೆ ಟಂಟಂ ಆಟೊ ಓಡಿಸುತ್ತಿದ್ದ. ಮಗಳು ಪವಿತ್ರಾ ಶಾಲೆಗೆ ಹೋಗತೊಡಗಿದ ಮೇಲೆ ಬಾಲಮ್ಮನಿಗೆ ತಾನೂ ಬಿಟ್ಟ ಓದನ್ನು ಹಿಡಿಯಬೇಕೆನಿಸಿತು. ಹೊರಗಿನಿಂದ ಕಟ್ಟಿ ಹತ್ತನೆಯದು ಪಾಸಾದಳು, ಆಮೇಲೆ ಪಿಯುಸಿ, ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಇಷ್ಟಾಗುವ ಹೊತ್ತಿಗೆ ಮೂವತ್ತಾರು ವರ್ಷ. ಮಹಿಳಾ ಸಂಘದವರು ಅವಳನ್ನು ಪಶುಸಖಿ ಮಾಡಿದರು. ಮನೆಮನೆಗೆ ಹೋಗಿ ಯಾವ ದನಕ್ಕೆ ಯಾವಾಗ ಲಸಿಕೆ, ಯಾವ ಕುರಿಗೆ ಜಂತಿನ ಔಷಧ ಅಂತ ಹೇಳುವುದು, ಬೇಕಾದಾಗ ಡಾಕ್ಟರನ್ನು ಕರೆಸುವುದು ಅವಳ ಕೆಲಸ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಫೋನು, ಕಾಲಲ್ಲಿ ಹವಾಯಿ ಚಪ್ಪಲಿ.

ಊರಿನ ಪಶು ಚಿಕಿತ್ಸಾಲಯಕ್ಕೆ ಸರಿತಾ ಅನ್ನುವ ಡಾಕ್ಟರು ಹೊಸದಾಗಿ ಬಂದಳು. ಮಂಡ್ಯ ಕಡೆಯವಳು, ಇಪ್ಪತ್ತೇಳರ ಹುಡುಗಿ. ಕೆಲಸದಲ್ಲಿ ಚುರುಕು, ಮನಸ್ಸು ಮೆತ್ತಗೆ. ಬಂದ ಎರಡನೇ ತಿಂಗಳಲ್ಲಿ ಒಂದು ದಿನ ಬಾಲಮ್ಮ ಯಾದಗಿರಿಗೆ ತರಬೇತಿಗೆ ಹೋಗಿದ್ದಾಗ ಮೌನಪ್ಪ ಎಂಬ ಕುರಿಗಾರ ಡಾಕ್ಟರಿಗೆ ಫೋನು ಮಾಡಿದ. "ಕುರಿಗಿ ಬ್ಯಾನಿ ಬಿದ್ದದ್ರಿ" ಅಂದ. ಸರಿತಾಳ ಊರಲ್ಲಿ ಬೇನೆ ಅಂದರೆ ಹೆರಿಗೆ ನೋವು. ಒಂದು ಕುರಿ ಮರಿ ಹಾಕುತ್ತಿದೆ ಅಂದುಕೊಂಡಳು. ಸಂಜೆವರೆಗೆ ಕಾಯಿರಿ, ಆಗದಿದ್ದರೆ ಕರೆದುಕೊಂಡು ಬನ್ನಿ ಅಂದಳು. ಮೌನಪ್ಪ ಹೇಳಿದ್ದು ಹಿಂಡಿಗೇ ರೋಗ ಬಿದ್ದಿದೆ ಅಂತ. ಡಾಕ್ಟರು ಹೇಳಿದ ಮೇಲೆ ಆಯಿತೆಂದು ಅವನು ಕಾದ. ಮರುದಿನ ಬೆಳಗಾಗುವುದರೊಳಗೆ ಒಂಬತ್ತು ಕುರಿ ಹೊಟ್ಟೆ ಉಬ್ಬಿ ಸತ್ತಿದ್ದವು. ಕರುಳು ಬ್ಯಾನಿ.

ತರಬೇತಿಯಿಂದ ಬಂದ ಬಾಲಮ್ಮ ಚಿಕಿತ್ಸಾಲಯಕ್ಕೆ ಹೋದರೆ ಸರಿತಾ ಔಷಧದ ಕೋಣೆಯಲ್ಲಿ ಕೂತು ಅಳುತ್ತಿದ್ದಳು. ಮೌನಪ್ಪ ಅವಳನ್ನು ಬಯ್ದಿರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅಂದಳು ಸರಿತಾ. ಉಳಿದ ಕುರಿಗಳಿಗೆ ಇಬ್ಬರೂ ಸೇರಿ ಲಸಿಕೆ ಹಾಕಿ ಬಂದರು. ಬರುವ ದಾರಿಯಲ್ಲಿ ಸರಿತಾ ಕೇಳಿದಳು, ಇಂಥ ಮಾತು ಇನ್ನೂ ಎಷ್ಟಿವೆ ಅಂತ. ಬಾಲಮ್ಮ ಬೆರಳು ಮಡಚಿ ಎಣಿಸತೊಡಗಿ, ಅರ್ಧಕ್ಕೇ ಬಿಟ್ಟಳು.

"ನೀವೇ ಬರೀಬೇಕು ಬಾಲಮ್ಮ. ನನಗೆ ರೋಗ ಗೊತ್ತು, ಮಾತು ಗೊತ್ತಿಲ್ಲ. ನಿಮಗೆ ಎರಡೂ ಅರ್ಧರ್ಧ ಗೊತ್ತು" ಅಂದಳು ಸರಿತಾ.

ಆ ಅರ್ಧರ್ಧ ಅನ್ನುವ ಮಾತು ಬಾಲಮ್ಮನಿಗೆ ಚುಚ್ಚಿತು, ಹಿತವೂ ಆಯಿತು. ಆರು ತಿಂಗಳಲ್ಲಿ ಅವಳು ಅರವತ್ತನಾಲ್ಕು ಮಾತು ಕೂಡಿಹಾಕಿದಳು. ಕುರಿಗೆ ಏನೋ ಆಗಿದೆ ಅನ್ನುವುದಕ್ಕೆ ಕುರಿಗಾರರು ಆಡುವ ಮಾತುಗಳು. ಸರಿತಾಳ ಜೊತೆ ಕೂತು ಇಪ್ಪತ್ತಮೂರಕ್ಕೆ ಡಾಕ್ಟರ ಪುಸ್ತಕದ ಹೆಸರು ಹಚ್ಚಿದಳು. ನಲವತ್ತೊಂದು ಹಾಗೇ ಉಳಿದವು. ಯಾವ ಪುಸ್ತಕದಲ್ಲೂ ಅವಕ್ಕೆ ಜೋಡಿ ಸಿಗಲಿಲ್ಲ.

ಅದೇ ಸುಮಾರಿಗೆ ಸರಿತಾಳ ಗೆಳತಿಯೊಬ್ಬಳು ಒಂದು ಸುದ್ದಿ ಕೊಟ್ಟಳು. ಮೂರು ತಾಸಿನ ಬಸ್ಸಿನ ದಾರಿಯ ವಿಶ್ವವಿದ್ಯಾಲಯದಲ್ಲಿ ಒಂದು ನಿಯಮವಿದೆ. ಇರುವ ಯಾವ ಎಂ.ಎ., ಎಂ.ಎಸ್ಸಿ.ಯೂ ತನ್ನ ಪ್ರಶ್ನೆಗೆ ಸಾಲುವುದಿಲ್ಲ ಅಂತ ತೋರಿಸಿಕೊಟ್ಟರೆ, ವಿದ್ಯಾರ್ಥಿ ಎರಡು ಮೂರು ವಿಭಾಗಗಳ ಪಾಠಗಳನ್ನು ಜೋಡಿಸಿ ತನ್ನ ಪದವಿಯನ್ನು ತಾನೇ ಕಟ್ಟಿಕೊಳ್ಳಬಹುದು. ಯಾವ ಪಾಠ, ಯಾಕೆ, ಯಾರ ಹತ್ತಿರ, ಕೊನೆಗೆ ಏನು ಬರೆದುಕೊಡುವುದು, ಎಲ್ಲ ಮೊದಲೇ ಬರೆದು ಒಪ್ಪಿಸಬೇಕು. ಬಾಲಮ್ಮ ಹೋಗಿ ಅರ್ಜಿ ಕೇಳಿದಾಗ ಕಚೇರಿಯ ಗುಮಾಸ್ತ ಎರಡು ಕಪಾಟು ತೆಗೆದು ಹುಡುಕಿದ. ನಿಯಮ ಬಂದು ಮೂರು ವರ್ಷವಾಗಿದ್ದರೂ ಆ ಅರ್ಜಿಯನ್ನು ಯಾರೂ ಕೇಳಿರಲಿಲ್ಲ.

ಮೊದಲು ಕನ್ನಡ ವಿಭಾಗಕ್ಕೆ ಹೋದಳು. ಪ್ರಾಧ್ಯಾಪಕರು ಚಹಾ ಕೊಟ್ಟು ಪ್ರೀತಿಯಿಂದ ಮಾತಾಡಿಸಿದರು. ಕುರಿಗಾರರ ಹಾಡು, ಒಗಟು, ಗಾದೆ ಕೂಡಿಸಿಕೊಂಡು ಬಾ, ನಮ್ಮಲ್ಲೇ ಚೊಕ್ಕ ಎಂ.ಎ. ಆಗುತ್ತದೆ ಅಂದರು. ತನಗೆ ಹಾಡು ಬರುವುದಿಲ್ಲ, ಬೇಕಾಗಿರುವುದು ಬ್ಯಾನಿಯ ಮಾತು ಅಂದಳು ಬಾಲಮ್ಮ. ಹಾಗಾದರೆ ಅದು ವಿಜ್ಞಾನವಾಯಿತಲ್ಲ ಅಂದು ಪ್ರಾಣಿಶಾಸ್ತ್ರದ ಕಡೆ ಬೆರಳು ತೋರಿಸಿದರು.

ಪ್ರಾಣಿಶಾಸ್ತ್ರದಲ್ಲಿ ಆಸೀಫ್ ಎನ್ನುವವರಿದ್ದರು. ಶಹಾಪುರದವರು, ಐವತ್ತರ ಹತ್ತಿರ, ದನಕುರಿಗಳ ಹೊಟ್ಟೆಯ ಹುಳುಗಳನ್ನು ಓದಿದವರು. ಬಿ.ಎ. ಓದಿದವರನ್ನು ವಿಜ್ಞಾನದ ಪಾಠಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ ಅಂತ ಮೊದಲಿಗೇ ಹೇಳಿಬಿಟ್ಟರು. ಬಾಲಮ್ಮ ವಾದ ಮಾಡಲಿಲ್ಲ. ಮೂರು ತಾಸು ಬಸ್ಸಿನಲ್ಲಿ ನಿಂತು ಬಂದಿದ್ದಕ್ಕೆ ಪಟ್ಟಿಯನ್ನಾದರೂ ತೋರಿಸಿ ಹೋಗೋಣ ಅಂತ ಮೇಜಿನ ಮೇಲಿಟ್ಟಳು. ಆಸೀಫ್ ಕನ್ನಡಕ ಹಾಕಿಕೊಂಡು ಒಂದು ಹಾಳೆ ಓದಿದರು, ಮತ್ತೊಂದು ಓದಿದರು. ಕೆಲವು ಮಾತುಗಳನ್ನು ಅವರ ಅಜ್ಜಿ ಆಡುತ್ತಿದ್ದುದನ್ನು ಕೇಳಿದ್ದರು. ಕೊನೆಗೆ ಖಾಲಿ ಬಿಟ್ಟ ಸಾಲುಗಳ ಮೇಲೆ ಬೆರಳಿಟ್ಟರು.

"ಈ ನಲವತ್ತೊಂದು ಏನ್ರಿ?"

"ಅದಕ್ಕ ಬಂದೇನ್ರೀ ಸರ್" ಅಂದಳು ಬಾಲಮ್ಮ.

ಅವರು ಅವಳನ್ನು ಕೂಡ್ರಿಸಿದರು. ಬಿ.ಎಸ್ಸಿ. ಮೊದಲ ವರ್ಷದ ಜೀವಶಾಸ್ತ್ರವನ್ನು ಹುಡುಗರ ಜೊತೆ ಕೂತು ಓದಿ ಪಾಸಾಗುವುದಾದರೆ ತಾನು ಮಾರ್ಗದರ್ಶಕನಾಗುತ್ತೇನೆ ಅಂದರು. ಕನ್ನಡದ ಪ್ರಾಧ್ಯಾಪಕರನ್ನು ಒಪ್ಪಿಸುವ ಹೊಣೆಯನ್ನೂ ತಾವೇ ಹೊತ್ತರು.

ಇನ್ನು ಪದವಿ ಕಟ್ಟುವ ಕೆಲಸ. ಹಬ್ಬದ ಅಂಗಡಿ ಹೊಕ್ಕ ಹುಡುಗಿಯ ಹಾಗಾಯಿತು ಬಾಲಮ್ಮನಿಗೆ. ಎಲ್ಲ ಬೇಕು. ಕುರಿ ಮೇಯುವ ಗಿಡಗಳಿಗೆ ಸಸ್ಯಶಾಸ್ತ್ರ, ಕುರಿಗಾರರು ಎಲ್ಲಿಂದ ಬಂದರು ಅನ್ನುವುದಕ್ಕೆ ಇತಿಹಾಸ, ಮಳೆ ಬಿಸಿಲಿಗೆ ಭೂಗೋಳ. ಪವಿತ್ರಾ ಒಂದೊಂದು ಪಾಠವನ್ನು ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿದಳು. ಎರಡು ವರ್ಷಕ್ಕೆ ಹಿಡಿಯುವುದಕ್ಕಿಂತ ದುಪ್ಪಟ್ಟು ಆಯಿತು. ಭಾನುವಾರ ಬಂದ ಸರಿತಾ ಚೀಟಿಗಳ ನಡುವೆ ಕೂತು, ಯಾವುದು ಇಲ್ಲದಿದ್ದರೆ ನಿಮ್ಮ ಪ್ರಶ್ನೆಯೇ ಸಾಯುತ್ತದೋ ಅದನ್ನಷ್ಟೇ ಉಳಿಸಿ ಅಂದಳು. ಇತಿಹಾಸ ಹೋಯಿತು. ಭೂಗೋಳ ಹೋಯಿತು. ಸಸ್ಯಶಾಸ್ತ್ರದ ಚೀಟಿಯನ್ನು ಬಾಲಮ್ಮ ಎರಡು ಸಲ ಎತ್ತಿ ಮತ್ತೆ ಇಟ್ಟಳು, ಮೂರನೆಯ ಸಲ ಎತ್ತಿ ಒಲೆಯ ಹತ್ತಿರ ಒಯ್ದಿಟ್ಟಳು. ಉಳಿದದ್ದು ಕನ್ನಡದಿಂದ ಆಡುಮಾತಿನ ಅಧ್ಯಯನ ಮತ್ತು ಪದಕೋಶ ಕಟ್ಟುವ ವಿಧಾನ, ಪ್ರಾಣಿಶಾಸ್ತ್ರದಿಂದ ಹುಳು ಮತ್ತು ರೋಗದ ಪಾಠಗಳು, ಸಮಾಜಕಾರ್ಯದಿಂದ ಜನರನ್ನು ಮಾತಾಡಿಸಿ ಬರೆದುಕೊಳ್ಳುವ ಕ್ರಮ.

ಅದರ ಜೊತೆಗೆ ಯಾವ ವಿಭಾಗದಲ್ಲೂ ಇಲ್ಲದ ಒಂದು ಪಾಠವನ್ನು ತಾನೇ ಸೇರಿಸಿದಳು. ಅದಕ್ಕೆ 'ಹಿಂಡಿನ ಜೋಡಿ ಒಂದು ಹಂಗಾಮು' ಅಂತ ಹೆಸರಿಟ್ಟಳು. ಮೂರು ತಿಂಗಳು ಕುರಿ ಹಿಂಡಿನ ಜೊತೆ ನಡೆದು ಕಲಿಯುವುದು. ಕಲಿಸುವವರು ಅನ್ನುವ ಜಾಗದಲ್ಲಿ ಮಾನಮ್ಮ ಅಂತ ಬರೆದಳು.

ಅರ್ಜಿ ಸಮಿತಿಯ ಮುಂದೆ ಬಂತು. ಐದು ಜನ ಕೂತಿದ್ದರು; ಮಾರ್ಗದರ್ಶಕರಾಗಿ ಆಸೀಫ್ ಕೂಡ ಇದ್ದರು. ಉಳಿದದ್ದೆಲ್ಲ ಅರ್ಧ ತಾಸಿನಲ್ಲಿ ಮುಗಿಯಿತು. ಮಾನಮ್ಮನ ಹೆಸರಿನ ಹತ್ತಿರ ಬಂಡಿ ನಿಂತಿತು. ಸಮಿತಿಯ ಹಿರಿಯರೊಬ್ಬರು, ಸ್ನಾತಕೋತ್ತರ ಪಾಠ ಕಲಿಸುವವರಿಗೆ ಕಡೇಪಕ್ಷ ಡಾಕ್ಟರೇಟ್ ಇರಬೇಕು, ಇವರು ಏನು ಓದಿದ್ದಾರೆ ಅಂತ ಕೇಳಿದರು. ಓದಿಲ್ಲ ಅಂದಳು. ಸಹಿ? ಹೆಬ್ಬೆಟ್ಟು. ಹಾಗಿದ್ದರೆ ಈ ಪಾಠ ತೆಗೆದು ಬೇರೆ ಯಾವುದಾದರೂ ಹಾಕಿಕೊಳ್ಳಿ, ಇವತ್ತೇ ಮಂಜೂರು ಮಾಡುತ್ತೇವೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಬಾಲಮ್ಮ ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಆ ನಲವತ್ತೊಂದು ಮಾತಿನಲ್ಲಿ ಮುಕ್ಕಾಲು ಪಾಲು ಅವಳು ಕೇಳಿದ್ದು ಅತ್ತೆಯ ಬಾಯಿಂದಲೇ.

"ಕುರಿ ಜೋಡಿ ನಡದು ಕಲಿಸೋರು ಡಾಕ್ಟರೇಟ್ ಆದವರು ಯಾರರ ಇದ್ದರ ಹೇಳ್ರೀ ಸರ್, ಅವರ ಕಡೀನ ಕಲೀತೀನಿ" ಅಂದಳು. "ಇಲ್ಲಂದ್ರ ನಮ್ಮ ಅತ್ತಿ ಹೆಸರು ಇರ್ಲಿ."

ಆಸೀಫ್ ಒಂದು ದಾರಿ ಹೇಳಿದರು. ಮಾನಮ್ಮನನ್ನು ಕ್ಷೇತ್ರ ಮಾರ್ಗದರ್ಶಕಿ ಅಂತ ಕರೆಯೋಣ, ಅಂಕಪಟ್ಟಿಗೆ ತಾನು ಸಹಿ ಮಾಡುತ್ತೇನೆ, ಆದರೆ ಅಂಕ ಹಾಕುವವಳು ಅವಳೇ. ತಾನು ಅದರಲ್ಲಿ ಒಂದು ಅಂಕವನ್ನೂ ಹೆಚ್ಚು ಕಡಿಮೆ ಮಾಡುವುದಿಲ್ಲ. ಹಿರಿಯರು ಆ ಮಾತನ್ನು ಎರಡು ಸಲ ಬರೆಸಿಕೊಂಡರು. ಆಮೇಲೆ ಮಂಜೂರಾಯಿತು.

ಮೊದಲ ವರ್ಷ ಬಾಲಮ್ಮನನ್ನು ಹಣ್ಣು ಮಾಡಿತು. ವಾರಕ್ಕೆ ಮೂರು ದಿನ ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು, ಸುರಪುರಕ್ಕೆ ಬಂದು, ಶಹಾಪುರದಲ್ಲಿ ಬಸ್ಸು ಬದಲಿಸಿ ಹೋಗುವುದು. ಉಳಿದ ದಿನ ಪಶುಸಖಿಯ ಕೆಲಸ. ಜೀವಶಾಸ್ತ್ರದ ತರಗತಿಯಲ್ಲಿ ಅವಳ ಪಕ್ಕದಲ್ಲಿ ಕೂರುತ್ತಿದ್ದವರು ಪವಿತ್ರಾಳಿಗಿಂತ ಎರಡು ವರ್ಷ ದೊಡ್ಡವರು ಅಷ್ಟೇ. ಕುರಿಯ ಪಿತ್ತಜನಕಾಂಗದಲ್ಲಿ ಎಲೆಯ ಹಾಗೆ ಇರುವ ಹುಳುವನ್ನು ಅವಳು ಹತ್ತು ವರ್ಷದವಳಿದ್ದಾಗಲೇ ಕೈಯಲ್ಲಿ ಹಿಡಿದಿದ್ದಳು. ಅದರ ಇಂಗ್ಲಿಷ್ ಹೆಸರು ಮಾತ್ರ ಬಾಯಿಗೆ ಬರಲೊಲ್ಲದು. ಮೊದಲ ಪರೀಕ್ಷೆಯಲ್ಲಿ ನಪಾಸಾದಳು. ಫಲಿತಾಂಶ ನೋಡಿ ಬಸ್‌ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದಳು.

ಅಂಬರೀಶನಿಗೂ ಸುಲಭವಿರಲಿಲ್ಲ. ಟಂಟಂನಲ್ಲಿ ಕೂತವರು ಕೆಣಕುತ್ತಿದ್ದರು, ನಿನ್ನ ಹೆಂಡತಿ ಕುರಿ ಕಾಯಲು ಎಂ.ಎ. ಮಾಡುತ್ತಿದ್ದಾಳಂತಲ್ಲ ಅಂತ. ಕೆಲವು ದಿನ ಮನೆಯಲ್ಲಿ ಮಾತು ಬಿಟ್ಟ. ಅವಳು ನಪಾಸಾದ ಸುದ್ದಿ ಊರಿಗೆ ತಿಳಿದ ವಾರ ಒಬ್ಬ ಮತ್ತೆ ಅದೇ ಮಾತು ತೆಗೆದ. ಅಂಬರೀಶ ಗಾಡಿ ನಿಲ್ಲಿಸಿ ಹಿಂದೆ ತಿರುಗಿ, "ಹೌದು, ಮಾಡಾಕತ್ಯಾಳ. ನಿಮ್ಮ ಮನ್ಯಾಗ ಯಾರರ ಮಾಡ್ಯಾರೇನು?" ಅಂದನಂತೆ. ಇದನ್ನು ಬಾಲಮ್ಮನಿಗೆ ಅವನು ಹೇಳಲಿಲ್ಲ. ಗಾಡಿಯಲ್ಲಿದ್ದ ಹೆಂಗಸರು ಹೇಳಿದರು. ಆ ರಾತ್ರಿ ಅವನ ತಾಟಿಗೆ ಅವಳು ತುಸು ಹೆಚ್ಚೇ ಬೆಣ್ಣೆ ಹಾಕಿದಳು. ಎರಡನೆಯ ಸಲ ಕಟ್ಟಿದ ಪರೀಕ್ಷೆ ಪಾಸಾಯಿತು.

ಎರಡನೆಯ ವರ್ಷದ ಜನವರಿಯಲ್ಲಿ ಹಿಂಡಿನ ಪಾಠ ಶುರುವಾಯಿತು. ಮಾನಮ್ಮನಿಗೆ ಆಗ ಅರವತ್ತೇಳು. ಈಗಲೂ ಹಿಂಡು ಬಿಟ್ಟಿರಲಿಲ್ಲ. ತಾನು ವಿಶ್ವವಿದ್ಯಾಲಯದ ಗುರು ಆಗಿದ್ದೇನೆ ಅನ್ನುವುದು ಅವಳಿಗೆ ಅಂಥ ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

"ಹದಿನೈದು ವರ್ಸ ನನ್ನ ಕಡೀನ ಇದ್ದಿ. ಆವಾಗ ಕಲೀಲಿಲ್ಲೇನು?" ಅಂತ ಕೇಳಿದಳು ಅಷ್ಟೇ.

ಬಾಲಮ್ಮ ಹುಣಸಗಿ ಕಡೆಯ ಹೊಲಗಳಲ್ಲಿ ಹಿಂಡಿನ ಜೊತೆ ನಡೆದಳು. ಅತ್ತೆ ಹೇಳಿದ್ದನ್ನು ಬರೆದುಕೊಂಡಳು, ಫೋನಿನಲ್ಲಿ ಚಿತ್ರ ಹಿಡಿದಳು, ಸತ್ತ ಕುರಿಯ ಹೊಟ್ಟೆ ಕೊಯ್ದು ನೋಡಿ ಶೀಸೆಯಲ್ಲಿ ಹುಳು ತುಂಬಿಟ್ಟಳು. ಎಲ್ಲ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದಳು. ಮಾರ್ಚ್ ಕೊನೆಗೆ ಆಸೀಫ್ ಅಂಕ ಪಡೆಯಲು ಸ್ವತಃ ಬಂದರು. ಕೊಯಿಲಾದ ಗದ್ದೆಯಲ್ಲಿ ಕಂಬಳಿ ಹಾಸಿ ಅವರನ್ನು ಕೂರಿಸಿ ಮಾನಮ್ಮ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಊಟವಾದ ಮೇಲೆ ಮೂವತ್ತಕ್ಕೆ ಎಷ್ಟು ಕೊಡುತ್ತೀರಿ ಅಂತ ಅವರು ಕೇಳಿದರು. ಮೂವತ್ತಂದರೆ ಪೂರ್ತಿ ಬರುತ್ತದೆ ಅಂತಲೇ ಅರ್ಥವೋ ಅಂತ ಮಾನಮ್ಮ ಖಾತ್ರಿ ಮಾಡಿಕೊಂಡಳು. ಹಿಂಡಿನ ಕಡೆ ನೋಡಿದಳು. ಬಾಲಮ್ಮನ ಕಡೆ ನೋಡಿದಳು.

"ಹದಿನೇಳು" ಅಂದಳು.

ಬಾಲಮ್ಮನ ಮುಖ ಕೆಂಪಗಾಯಿತು. ಆಸೀಫ್ ಪೆನ್ನು ಕೈಯಲ್ಲಿ ಹಿಡಿದು, ಯಾಕೆ ಅಂತ ಕೇಳಿದರು.

"ಕುರಿ ಸತ್ತ ಮ್ಯಾಲ ಯಾಕ ಸತ್ತದ ಅಂತ ಚಂದ ಹೇಳ್ತಾಳ್ರಿ. ಸಾಯೂಕಿನ್ನ ಮದಲ ಹೇಳೂದು ಇನ್ನ ಬಂದಿಲ್ಲ. ತಲಿ ಬಗ್ಗಿಸಿ ಬರಕೋತ ಕುಂತರ ಕುರಿ ಕಾಣ್ತಾವೇನ್ರಿ?"

ಆಸೀಫ್ ಹದಿನೇಳು ಅಂತ ಬರೆದು ಸಹಿ ಹಾಕಿದರು. ಕೊಟ್ಟ ಮಾತಿನಂತೆ ಒಂದನ್ನೂ ಸೇರಿಸಲಿಲ್ಲ.

ಎರಡು ದಿನ ಬಾಲಮ್ಮ ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಮಿತಿಯ ಎದುರು ಈ ಮುದುಕಿಗಾಗಿ ಜಗಳವಾಡಿದ್ದೆನಲ್ಲ ಅನಿಸಿತು. ಮೂರನೆಯ ದಿನ ವಹಿಯನ್ನು ಗುಡಾರದಲ್ಲೇ ಬಿಟ್ಟು ಬರಿಗೈಯಲ್ಲಿ ಹಿಂಡಿನ ಹಿಂದೆ ಹೋದಳು. ಪಾಠದ ಮೂರು ತಿಂಗಳು ಮುಗಿದಿತ್ತು, ಅಂಕವೂ ಬಿದ್ದಾಗಿತ್ತು; ಇನ್ನು ಹೋಗಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ. ಆದರೂ ಮತ್ತೆ ಇಪ್ಪತ್ತು ದಿನ ಹೋದಳು. ಮಾನಮ್ಮ ದಾರಿಯಲ್ಲಿ ಅದು ಹಿಂದೆ ಬಿದ್ದಿದೆ, ಇದು ನೆಳ್ಳು ಹುಡುಕುತ್ತಿದೆ, ಅದಕ್ಕೆ ಕಿವಿ ಸೋತಿದೆ ಅನ್ನುತ್ತಿದ್ದಳು. ಇವೆಲ್ಲ ಬಾಲಮ್ಮನ ಖಾಲಿ ಬಿಟ್ಟ ಸಾಲುಗಳಲ್ಲಿದ್ದ ಮಾತುಗಳೇ. ಮೊದಲೆಲ್ಲ ಇವು ಯಾವ ರೋಗದ ಹೆಸರು ಅಂತ ತಲೆ ಕೆಡಿಸಿಕೊಂಡಿದ್ದಳು. ಈಗ ಹಿಂದೆ ಬಿದ್ದ ಕುರಿಯನ್ನೇ ದಿನವಿಡೀ ನೋಡಿದಳು. ನಾಲ್ಕನೆಯ ದಿನಕ್ಕೆ ಅದಕ್ಕೆ ಜ್ವರ ಬಂತು, ಆರನೆಯ ದಿನ ಮೂಗು ಸುರಿಯಿತು. ಸರಿತಾ ಬಂದು ಔಷಧ ಕೊಟ್ಟಳು, ಕುರಿ ಬದುಕಿತು.

ಉಳಿದ ಮಾತುಗಳ ಹಿಂದೆಯೂ ಹಾಗೇ ಬಿದ್ದು ನೋಡಿದ ಮೇಲೆ ಬಾಲಮ್ಮನಿಗೆ ಹೊಳೆಯಿತು. ಆ ನಲವತ್ತೊಂದು ಮಾತುಗಳಲ್ಲಿ ಇಪ್ಪತ್ತಾರು ರೋಗದ ಹೆಸರೇ ಅಲ್ಲ. ರೋಗ ಹೊಸಲು ತುಳಿಯುವುದಕ್ಕೆ ಮುಂಚಿನ ದಿನಗಳ ಹೆಸರು. ಡಾಕ್ಟರ ಪುಸ್ತಕದಲ್ಲಿ ಅವು ಇಲ್ಲದ್ದು ಯಾಕೆಂದರೆ ಡಾಕ್ಟರ ಹತ್ತಿರ ಕುರಿ ಬರುವುದೇ ಆ ದಿನಗಳು ಕಳೆದ ಮೇಲೆ.

ಅರ್ಧ ಬರೆದಿದ್ದ ಪ್ರಬಂಧವನ್ನು ಅವಳು ಕೆಡವಿ ಮತ್ತೆ ಕಟ್ಟಿದಳು. ಅಕ್ಷರಮಾಲೆಯ ಕ್ರಮ ಬಿಟ್ಟು, ಮೊದಲು ಏನು ಕಾಣುತ್ತದೆ, ಆಮೇಲೆ ಏನು ಅನ್ನುವ ಕ್ರಮದಲ್ಲಿ ಮಾತುಗಳನ್ನು ಜೋಡಿಸಿದಳು. ಕನ್ನಡದ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಅಕಾರಾದಿ ಇಲ್ಲದ ಮೇಲೆ ಪದಕೋಶ ಹೇಗಾಯಿತು ಅಂದರು. ಕೊನೆಗೆ ಹಿಂಬದಿಯಲ್ಲಿ ಅಕಾರಾದಿ ಸೂಚಿಯೊಂದನ್ನು ಸೇರಿಸಿ ರಾಜಿಯಾಯಿತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪಶುವೈದ್ಯರು ಎರಡು ತಾಸು ಪ್ರಶ್ನೆ ಕೇಳಿದರು. ಹದಿನೈದು ಮಾತುಗಳ ಮುಂದೆ ಇನ್ನೂ ಖಾಲಿ ಇದೆಯಲ್ಲ ಅಂದರು. ಗೊತ್ತಾಗಿಲ್ಲ ಅಂದಳು. ಸುಮ್ಮನೆ ಏನಾದರೂ ತುಂಬಲಿಲ್ಲವಲ್ಲ, ಅದು ಒಳ್ಳೆಯದಾಯಿತು ಅಂದರು ಅವರು. ಅವಳು ಎರಡನೆಯ ದರ್ಜೆಯಲ್ಲಿ ಪಾಸಾದಳು. ಮಾನಮ್ಮನ ಹದಿನೇಳು ಇಪ್ಪತ್ತನಾಲ್ಕಾಗಿದ್ದರೆ ಮೊದಲನೆಯ ದರ್ಜೆ ಬರುತ್ತಿತ್ತು ಅಂತ ಪವಿತ್ರಾ ಲೆಕ್ಕ ಹಾಕಿ ತೋರಿಸಿದಳು. ಬಾಲಮ್ಮ ನಕ್ಕಳು. ಆ ಹದಿನೇಳು ಇಲ್ಲದಿದ್ದರೆ ಪ್ರಬಂಧವೇ ಇರುತ್ತಿರಲಿಲ್ಲ ಅಂದಳು.

ಪದವಿ ಬಂದ ಮೇಲೆ ಬದುಕು ತಟ್ಟನೆ ಬದಲಾಗಲಿಲ್ಲ. ಒಂದು ಗುತ್ತಿಗೆ ಹುದ್ದೆಗೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವಾಗ ಪದವಿಗಳ ಪಟ್ಟಿಯಲ್ಲಿ ಅವಳದು ಇರಲೇ ಇಲ್ಲ. 'ಇತರೆ' ಅಂತ ಒತ್ತಿದಳು. ಕರೆ ಬರಲಿಲ್ಲ. ಇನ್ನೊಂದಕ್ಕೂ ಬರಲಿಲ್ಲ. ಬೇಸರವಾಯಿತು, ಮುಚ್ಚಿಡಲಿಲ್ಲ. ಸರಿತಾ ವರ್ಗವಾಗಿ ತನ್ನ ಸೀಮೆಗೆ ಹೋಗುವಾಗ ಪ್ರಬಂಧದಿಂದ ನಲವತ್ತು ಪುಟದ ಒಂದು ಕಿರುಹೊತ್ತಿಗೆ ಮಾಡಿಸಿ, ಅಕ್ಕಪಕ್ಕದ ಚಿಕಿತ್ಸಾಲಯಗಳಿಗೆ ತಾನೇ ಹೋಗಿ ಹಂಚಿದಳು. ಆಸೀಫ್ ತಮ್ಮ ವಿಭಾಗದಲ್ಲಿ ವರ್ಷಕ್ಕೆ ನಾಲ್ಕು ತರಗತಿ ಬಾಲಮ್ಮನೇ ತೆಗೆದುಕೊಳ್ಳಲೆಂದು ಮೀಸಲಿಟ್ಟರು. ಉಳಿದಂತೆ ಅವಳು ಇವತ್ತಿಗೂ ಪಶುಸಖಿಯೇ.

ಹೋದ ತಿಂಗಳು ಶಹಾಪುರದಿಂದ ಜೈತುನಬೀ ಅನ್ನುವ ನರ್ಸ್ ಅವಳನ್ನು ಹುಡುಕಿಕೊಂಡು ಬಂದಿದ್ದಳು. ಬಾಣಂತಿಯರ ಪಥ್ಯದ ಮೇಲೆ ತನ್ನದೇ ಒಂದು ಎಂ.ಎ. ಕಟ್ಟಬೇಕಂತೆ. ಹದಿನಾಲ್ಕು ಪಾಠ ಬರೆದು ತಂದಿದ್ದಳು. ಮಧ್ಯಾಹ್ನ ಪೂರ್ತಿ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಎಂಟು ಪಾಠ ಹೊಡೆದು ಹಾಕುವಷ್ಟರಲ್ಲಿ ಜೈತುನಬೀಗೆ ಸಿಟ್ಟು ಬಂದು, ಒಂಬತ್ತನೆಯದನ್ನು ಮಾತ್ರ ಬಿಡುವುದಿಲ್ಲ ಅಂತ ಹಟ ಹಿಡಿದಳು. ಬಾಲಮ್ಮ ಬಿಡು ಅನ್ನಲಿಲ್ಲ. ಅದು ಯಾಕೆ ಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಅರ್ಜಿಯ ಜೊತೆ ಹಚ್ಚಲು ಹೇಳಿ, ಐದರ ಬಸ್ಸಿಗೆ ಅವಳನ್ನು ಕಳಿಸಿ ಬಂದಳು.